ಪಾಟೀಲರ ಹೊಟ್ಟೆಯ ಗೆರೆಗಳು

ನನ್ನ ಕೆಲಸ ಏನೆಂದು ಕೇಳಿದರೆ ನೀವು ನಗುತ್ತೀರಿ. ನಗಿ. ಸಂಬಳ ಕೊಡುವವರೇ ನಗುತ್ತಾರೆ, ನಿಮಗ್ಯಾಕೆ ಸಂಕೋಚ.

ಆಪರೇಷನ್ ಆಗುವ ಗಂಡಸರ ಮೈಮೇಲಿನ ಕೂದಲು ತೆಗೆಯುವುದು ನನ್ನ ಕೆಲಸ. ಎಲ್ಲಿ ಕೊಯ್ಯುತ್ತಾರೋ ಅಲ್ಲಿ, ಮತ್ತು ಅದರ ಸುತ್ತಮುತ್ತ. ಆಮೇಲೆ ಔಷಧಿಯ ಸೋಪಿನಿಂದ ಮೈ ತೊಳೆಯಬೇಕು. ಹೊಕ್ಕುಳಿನಲ್ಲಿ ಹುಟ್ಟಿದಾಗಿನಿಂದ ಕೂತಿರುವ ಕೊಳೆಯನ್ನು ಬಿಡಿಸಬೇಕು. ಒಗೆದ ಹಸಿರು ಅಂಗಿ ತೊಡಿಸಿ ಸ್ಟ್ರೆಚರ್ ಬರುವವರೆಗೆ ಕಾಯಬೇಕು. ಬೀದರದ ಈ ದವಾಖಾನೆಯಲ್ಲಿ ಇದಕ್ಕೆ ತಯಾರಿ ಎನ್ನುತ್ತಾರೆ. ನನ್ನನ್ನು ತಯಾರಿ ಸುಶೀಲ ಎನ್ನುತ್ತಾರೆ. ಅಪ್ಪ ಇಟ್ಟ ಪೂರ್ತಿ ಹೆಸರು ಸುಶೀಲಕುಮಾರ. ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಮೊದಲು ಇಲ್ಲಿ ಬ್ಲೇಡಿನಿಂದ ಬೋಳಿಸುತ್ತಿದ್ದರು. ಬ್ಲೇಡು ಚರ್ಮದ ಮೇಲೆ ಸಣ್ಣ ಸಣ್ಣ ಗೆರೆ ಎಳೆಯುತ್ತದೆ. ಆ ಗೆರೆಗಳಲ್ಲಿ ರೋಗದ ಹುಳ ಸೇರಿಕೊಂಡು, ಆಪರೇಷನ್ ಚೆನ್ನಾಗಿ ಆದರೂ ಹೊಲಿಗೆಯಲ್ಲಿ ಕೀವು ಆಗುತ್ತದೆ. ಅದಕ್ಕೇ ಡಾಕ್ಟರ್ ರವಿಕಿರಣ ಬಂದ ಮೇಲೆ ಬ್ಲೇಡು ಬಂದಾಯಿತು. ಕೂದಲನ್ನು ಮೇಲೆ ಮೇಲೆ ಕತ್ತರಿಸುವ ಮಷೀನ್ ಬಂತು. ಅವತ್ತು ಡಾಕ್ಟರು ನಮ್ಮನ್ನೆಲ್ಲ ನಿಲ್ಲಿಸಿ ಒಂದೇ ಮಾತು ಹೇಳಿದರು, ಯಾರ ಕೈಯಲ್ಲಿ ಬ್ಲೇಡ್ ಕಂಡರೂ ಅವರು ಸೀದಾ ಮನೆಗೆ ಎಂದು. ನಾನು ಅವತ್ತೇ ಡಬ್ಬಿಯಲ್ಲಿದ್ದ ಬ್ಲೇಡುಗಳನ್ನು ಎಣಿಸದೆ ಕಸಕ್ಕೆ ಹಾಕಿದೆ.

ಈ ಕೆಲಸದಲ್ಲಿ ಒಂದು ಮಜಾ ಇದೆ. ಬಟ್ಟೆ ಕಳಚಿದ ಮೇಲೆ ಗಂಜ್ ಮಾರುಕಟ್ಟೆಯ ಅಡತಿ ಸಾವಕಾರನೂ ಅವನ ಚೀಲ ಹೊರುವ ಹಮಾಲನೂ ಒಂದೇ ನಮೂನೆ ಕೈ ಅಡ್ಡ ಹಿಡಿದುಕೊಳ್ಳುತ್ತಾರೆ. ಇಬ್ಬರೂ ಗೋಡೆ ನೋಡುತ್ತಾರೆ. ಇಬ್ಬರೂ ಅದೇ ಸುಳ್ಳು ಹೇಳುತ್ತಾರೆ, ನಿನ್ನೆ ತಾನೇ ಜಳಕ ಮಾಡಿದ್ದೆ ಎಂದು. ಕಾಲಿನ ಆಪರೇಷನ್‌ಗೆ ಬಂದವನೊಬ್ಬ ಮೀಸೆ ಮಾತ್ರ ಮುಟ್ಟಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಅಷ್ಟು ದೂರದವರೆಗೆ ನನ್ನ ಮಷೀನಿನ ವಯರು ಬರುವುದಿಲ್ಲ ಎಂದು ಸಮಾಧಾನ ಹೇಳಿದೆ.

ಇನ್ನೊಂದು ಸಂಗತಿಯೂ ಇದೆ. ಅದರಲ್ಲಿ ಮಜಾ ಇಲ್ಲ. ಸ್ಟ್ರೆಚರ್ ತಳ್ಳುವುದಕ್ಕೆ, ಥಿಯೇಟರಿನ ಬಾಗಿಲು ಕಾಯುವುದಕ್ಕೆ, ಔಷಧಿ ತರುವುದಕ್ಕೆ ಯಾರು ಯಾರೋ ಇದ್ದಾರೆ. ತಯಾರಿಗೆ ಮಾತ್ರ ನಮ್ಮವರೇ. ನನಗಿಂತ ಮೊದಲು ಈ ಕೆಲಸಕ್ಕೆ ಭಾಲ್ಕಿಯ ನಮ್ಮ ಓಣಿಯ ಮಚ್ಛೇಂದ್ರ ಕಾಕಾ ಇದ್ದರು. ಅವರಿಗೆ ಕಣ್ಣು ಕಾಣದಾದಾಗ ದವಾಖಾನೆಗೆ ಆಳು ಒದಗಿಸುವ ಗುತ್ತೇದಾರರು ನಮ್ಮ ಓಣಿಗೇ ಬಂದು ಇನ್ನೊಬ್ಬನನ್ನು ಹುಡುಕಿದರು. ಬೇರೆ ಓಣಿಗೆ ಯಾಕೆ ಹೋಗಲಿಲ್ಲ ಎಂದು ಅವರೂ ಯೋಚಿಸಲಿಲ್ಲ, ನಾವೂ ಕೇಳಲಿಲ್ಲ. ಬೆಳಿಗ್ಗೆ ಬಸ್ಸು ಹತ್ತುವುದು, ಸಂಜೆ ಬಸ್ಸು ಇಳಿಯುವುದು, ನಡುವೆ ಜಿಲ್ಲೆಯ ಮರ್ಯಾದಸ್ಥರ ಮೈ ತೊಳೆಯುವುದು ನನ್ನ ಪಾಲಿಗೆ ಬಂತು.

ವೈಜಿನಾಥರಾವ ಪಾಟೀಲರು ಬಂದದ್ದು ಔರಾದದ ಆಚೆಯ ಊರಿನಿಂದ. ಹರ್ನಿಯಾ. ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಶುರುವಾದದ್ದನ್ನು ನಾಚಿಕೆಯಿಂದ ಧೋತರದೊಳಗೆ ಬಚ್ಚಿಟ್ಟು, ಟಾವೆಲ್ ಬಿಗಿದು ಕಟ್ಟಿ, ಬದನೆಕಾಯಿಯಷ್ಟು ಮಾಡಿಕೊಂಡು ಬಂದಿದ್ದರು. ಜೊತೆಗೆ ಅವರ ಅಕ್ಕ ಭಾಗೀರಥಿಬಾಯಿ. ಗಂಡ ತೀರಿದ ಮೇಲೆ ತವರಿಗೆ ಬಂದು ವಾಡೆಯ ಮಡಿಮೈಲಿಗೆಯನ್ನೆಲ್ಲ ಕೈಗೆ ತೆಗೆದುಕೊಂಡವರು. ತಮ್ಮನಿಗೆ ಮೊಮ್ಮಕ್ಕಳಾದರೂ ಅವರ ಕಣ್ಣಿಗೆ ಅವನಿನ್ನೂ ಮೂಗು ಒರೆಸಬೇಕಾದ ಕೂಸು. ಊರ ಬಾವಿಯ ನೀರು, ಕುಡಿಯುವ ತಂಬಿಗೆ, ಉಣ್ಣುವ ತಾಟು, ಹಾಸುವ ಜಮಖಾನೆ, ಎಲ್ಲವನ್ನೂ ಮನೆಯಿಂದ ತಂದಿದ್ದರು. ಸಾಧ್ಯವಿದ್ದರೆ ಡಾಕ್ಟರನ್ನೂ ಮನೆಯಿಂದಲೇ ತರುತ್ತಿದ್ದರು.

ಸ್ಪೆಷಲ್ ರೂಮುಗಳು ತುಂಬಿದ್ದವು. ಪಾಟೀಲರಿಗೆ ಜನರಲ್ ವಾರ್ಡಿನಲ್ಲಿ ಪರದೆ ಎಳೆದು ಮಂಚ ಕೊಟ್ಟರು. ಪಕ್ಕದ ಮಂಚದಲ್ಲಿ ಬದ್ರೋದ್ದೀನ. ಬೀದರದಲ್ಲಿ ಆಟೋ ಹೊಡೆಯುವವನು, ಅಪೆಂಡಿಕ್ಸ್ ತೆಗೆಸಿಕೊಂಡು ಹೊಲಿಗೆ ಒಣಗಿಸಿಕೊಳ್ಳುತ್ತಿದ್ದ. ಅವನ ಬಾಯಿಗೆ ಮಾತ್ರ ಯಾವ ಡಾಕ್ಟರೂ ಹೊಲಿಗೆ ಹಾಕಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಮಷೀನ್ ಹಿಡಿದು ಹೋದಾಗ ಪಾಟೀಲರು ಧೋತರದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಬಿಚ್ಚಲೇಬೇಕೇನೊ ತಮ್ಮಾ?"

"ಬಿಚ್ಚದೇ ಮಾಡೋ ಮಷೀನ್ ಇನ್ನಾ ಬಂದಿಲ್ರಿ."

"ಜರಾ ಸಂಭಾಳಿಸಿ ಮಾಡಪ. ಅಲ್ಲೇ ಬಾಜೂಕ ನಮ್ಮ ಖಾನದಾನ ಅದ."

"ಖಾನದಾನ ಆಗ್ಲೇ ದೊಡ್ಡದಾಗ್ಯಾದಲ್ರಿ. ಹೊರಗ ಮೊಮ್ಮಕ್ಕಳು ಬಿಸ್ಕೀಟ್ ತಿನ್ನಲಿಕತ್ಯಾರ."

ಪಾಟೀಲರು ಹೊಟ್ಟೆ ಕುಣಿಸಿ ನಕ್ಕರು. ಹೊಟ್ಟೆ ಕುಣಿದರೆ ಮಷೀನ್ ಆಡಿಸುವುದು ಕಷ್ಟ. ನಗಬೇಡಿ ಎಂದರೆ ಇನ್ನೂ ನಕ್ಕರು. ಪಕ್ಕದಿಂದ ಬದ್ರೋದ್ದೀನನೂ ಹೊಲಿಗೆ ಹಿಡಿದುಕೊಂಡು ನಕ್ಕ. ಎದೆಯ ಕೆಳಗಿನಿಂದ ತೊಡೆಯ ಅರ್ಧದವರೆಗೆ ಕೂದಲು ತೆಗೆದು, ಸ್ನಾನದ ನ್ಹಾಣಿಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದೆ. ಬೆಚ್ಚಗಿನ ನೀರು, ಕೆಂಪು ಸೋಪು. ಬೆನ್ನು, ಕಂಕುಳು, ಹೊಟ್ಟೆ, ಸಂದುಗೊಂದು. ಮಂಡಿಯೂರಿ ಕೂತು ಕಾಲಿನ ಬೆರಳುಗಳ ನಡುವೆಯೂ ತೊಳೆದೆ. ಪಾಟೀಲರು ಕಣ್ಣು ಮುಚ್ಚಿದ್ದರು.

"ಇಷ್ಟು ಛಲೋ ಮೈ ನಮ್ಮವ್ವ ಸತ್ತ ಮ್ಯಾಲ ಯಾರೂ ತೊಳದಿಲ್ಲ ನೋಡು," ಎಂದರು.

ಖರೇ ಹೇಳುತ್ತೇನೆ, ನನಗೆ ಆ ಮಾತಿನಿಂದ ಖುಷಿಯಾಯಿತು.

ಹಸಿರು ಅಂಗಿ ತೊಡಿಸಿ ಮಂಚಕ್ಕೆ ತಂದು ಮಲಗಿಸಿದೆ. ಭಾಗೀರಥಿಬಾಯಿ ನನ್ನನ್ನೇ ನೋಡುತ್ತಿದ್ದರು. ಹೊಸ ದನ ಕೊಳ್ಳುವವರು ಸುಳಿ ನೋಡುವ ಹಾಗೆ.

"ಯಾವೂರಪ್ಪ ನಿಂದು?"

"ಭಾಲ್ಕಿರಿ ಅವ್ವಾರ."

"ಮನಿದೇವ್ರು ಯಾವುದು?"

ನಮ್ಮ ಕಡೆ ಮರ್ಯಾದಸ್ಥರು ಜಾತಿ ಕೇಳುವುದಿಲ್ಲ. ಮನೆದೇವರು ಕೇಳುತ್ತಾರೆ. ಆ ದೇವರ ಗುಡಿಯಿಂದ ನಾಲ್ಕು ಹೆಜ್ಜೆ ನಡೆದರೆ ನಿಮ್ಮ ಓಣಿ ಬರುತ್ತದೆ. ಮಚ್ಛೇಂದ್ರ ಕಾಕಾ ಇಂಥವರಿಗೆ ಎಲ್ಲ ದೇವರೂ ನಮ್ಮವರೇ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ನನಗೆ ಅದು ಬರುವುದಿಲ್ಲ.

"ನಮ್ಮ ಮನ್ಯಾಗ ದೇವ್ರಿಲ್ರಿ. ಬುದ್ಧ ಅದಾನ."

"ಹಾಂ," ಎಂದರು ಭಾಗೀರಥಿಬಾಯಿ. "ಛಲೋ ಆತು."

ಏನು ಛಲೋ ಆಯಿತೋ ನನಗೆ ಗೊತ್ತಾಗಲಿಲ್ಲ. ಅವರ ಮುಖದಲ್ಲಿ ನಗೆಯೇ ಇತ್ತು. ನಾನು ದಿನಾ ಎಲ್ಲರಿಗೂ ಹೇಳುವುದನ್ನು ಅವರಿಗೂ ಹೇಳಿದೆ. ಆಪರೇಷನ್ ಆಗುವ ತನಕ ಈ ಮೈಗೆ ಎಣ್ಣೆ ಬೇಡ, ಪೌಡರ್ ಬೇಡ, ವಿಭೂತಿ ಬೇಡ, ಯಾರೂ ಮುಟ್ಟುವುದೂ ಬೇಡ. ಅವರು ತಲೆಯಾಡಿಸಿದರು. ನಾನು ಇನ್ನೊಬ್ಬ ರೋಗಿಯ ತಯಾರಿಗೆ ಹೋದೆ.

ಸ್ಟ್ರೆಚರ್ ತಳ್ಳುವ ನರಸಿಂಗನ ಜೊತೆ ನಾನು ಮರಳಿ ಬಂದಾಗ ಪಾಟೀಲರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಒಂದು ಚೇಷ್ಟೆ ಮಾಡಿದೆ, ನಗಲಿಲ್ಲ. ಇನ್ನೊಂದು ಮಾಡಿದೆ, ನಗಲಿಲ್ಲ. ಹೆದರಿಕೆ ಇರಬೇಕು ಎಂದುಕೊಂಡೆ. ಥಿಯೇಟರಿನ ಬಾಗಿಲಿನಲ್ಲಿ ಎಂಥ ಹುಲಿಯೂ ಬೆಕ್ಕಾಗುತ್ತದೆ.

ಸ್ವಲ್ಪ ಹೊತ್ತಿಗೆ ಮಾಯಾ ಸಿಸ್ಟರ್ ಹೊರಗೆ ಬಂದು ನನ್ನನ್ನು ಕರೆದರು. ನಾನು ಥಿಯೇಟರಿನ ಒಳಗೆ ಹೋಗುವವನಲ್ಲ. ಟೋಪಿ ಹಾಕಿಸಿ ಒಳಗೆ ಕರೆದುಕೊಂಡು ಹೋದರು. ಪಾಟೀಲರು ಟೇಬಲ್ಲಿನ ಮೇಲಿದ್ದರು. ಅಂಗಿ ಮೇಲಕ್ಕೆ ಸರಿಸಿದ್ದರು. ನಾನು ತೊಳೆದು ಕಳಿಸಿದ ಹೊಟ್ಟೆ ಅದಾಗಿರಲಿಲ್ಲ. ಹೊಕ್ಕುಳಿನಿಂದ ತೊಡೆಯವರೆಗೆ ಕೆಂಪಗೆ ಕೆರೆದಿತ್ತು. ಅಡ್ಡ ಗೆರೆ, ಉದ್ದ ಗೆರೆ. ಕೆಲವು ಕಡೆ ರಕ್ತ ಜಿನುಗಿತ್ತು.

"ಬ್ಲೇಡ್ ಹಚ್ಚೀಯೇನು?" ಡಾಕ್ಟರ್ ರವಿಕಿರಣ ಕೇಳಿದರು.

"ಇಲ್ರಿ ಸರ್."

"ಮತ್ತ ಇದೇನು? ಗಡಿಬಿಡ್ಯಾಗ ಹಳೇ ಬ್ಲೇಡ್ ಎಳದು ಬಿಟ್ಟೀಯ. ಇದರ ಮ್ಯಾಲ ನಾ ಕೊಯ್ದ್ರ ಕರುಳು ಹೊರಗ ಬರಬಾರ್ದಂತ ಒಳಗ ಹಾಕೋ ಜಾಳಿಗಿಗಿ ಕೀವು ಹಿಡಿತದ. ಮತ್ತ ಹೊಟ್ಟಿ ತೆಗೀಬೇಕಾಗ್ತದ. ನಿನಗ ಎಷ್ಟ ಸಲ ಹೇಳ್ಬೇಕು?"

ನಾನು ಪಾಟೀಲರ ಕಡೆ ನೋಡಿದೆ. "ಪಾಟೀಲ್ರ, ನಾ ಬ್ಲೇಡ್ ಹಚ್ಚೀನೇನ್ರಿ? ನೀವೇ ಹೇಳ್ರಿ."

ಪಾಟೀಲರು ಮೇಲಿನ ದೊಡ್ಡ ದೀಪ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಒಂದು ಗಂಟೆಯ ಹಿಂದೆ ಅವ್ವನ ನೆನಪು ತೆಗೆದಿದ್ದ ಬಾಯಿ ಅದು. ಈಗ ಅದಕ್ಕೆ ಬೀಗ ಬಿದ್ದಿತ್ತು.

ಆಪರೇಷನ್ ನಿಂತಿತು. ಗೆರೆ ಮಾಯುವವರೆಗೆ ಚಾಕು ಹಚ್ಚುವುದಿಲ್ಲ ಎಂದರು ಡಾಕ್ಟರು. ಥಿಯೇಟರಿನ ಬಾಗಿಲಲ್ಲೇ ನಿಂತು, ಎಲ್ಲರೂ ಕೇಳುವ ಹಾಗೆ, ಗುತ್ತೇದಾರರಿಗೆ ಫೋನ್ ಮಾಡಿದರು. ಸುಶೀಲ ಬ್ಲೇಡ್ ಹಚ್ಚುತ್ತಾನೆ, ಈ ತಿಂಗಳು ಮುಗಿದ ಮೇಲೆ ಅವನು ಬೇಡ, ಬೇರೆ ಮನುಷ್ಯನನ್ನು ನೋಡಿ ಎಂದರು. ಬೀದರದಲ್ಲಿ ಒಂದು ದವಾಖಾನೆಯ ಮಾತು ಇನ್ನೊಂದು ದವಾಖಾನೆಗೆ ಚಹಾ ಆರುವುದರೊಳಗೆ ಮುಟ್ಟುತ್ತದೆ. ಬ್ಲೇಡ್ ಹಚ್ಚುವವನು ಎಂದು ಹೆಸರು ಬಿದ್ದ ತಯಾರಿಯವನನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಎಮ್ಮೆ ನಾನು.

ವಾರ್ಡಿಗೆ ಬಂದಾಗ ಬದ್ರೋದ್ದೀನ ಕೈಸನ್ನೆ ಮಾಡಿ ಕರೆದ. ಪರದೆಯ ಆಚೆ ಭಾಗೀರಥಿಬಾಯಿ ಜಪ ಮಾಡುತ್ತಿದ್ದರು. ಅವನು ಪಿಸುಮಾತಿನಲ್ಲಿ ಹೇಳಿದ. ಅವನ ಪಿಸುಮಾತು ಆಟೋದ ಹಾರ್ನಿನಷ್ಟೇ ಇರುತ್ತದೆ.

"ಸುಶೀಲಭಾಯ್, ನೀ ಹ್ವಾದಿ ನೋಡು, ಬುಡ್ಡಿ ಪರದಾ ಎಳದ್ಳು. ಚೀಲದಾಗಿಂದು ಬೂದಿ ತಗದ್ಳು, ತೆಂಗಿನ ನಾರು ತಗದ್ಳು. ನಾ ಸಂದ್ಯಾಗಿಂದ ನೋಡಿನಿ. ಗರ ಗರ ಗರ. ಪಾಟೀಲ್ರು, ಅಕ್ಕಾ ಉರಿತದ, ಅಕ್ಕಾ ಉರಿತದ ಅಂತಿದ್ರು. ಆಕಿ, ಉರೀಲಿ ಸುಮ್ನಿರು, ಮೈಲಿಗಿ ಹೋಗಬೇಕಂದ್ರ ಉರೀಲೇಬೇಕು ಅಂದ್ಳು. ಆಮ್ಯಾಲ ತಂಬಿಗಿ ನೀರು ಹಾಕಿ ಒರಸಿದ್ಳು. ಕಸಂ ಸೇ."

ನಮ್ಮ ಕಡೆ ಹಿತ್ತಾಳೆಯ ಕೊಡವನ್ನು ನಾವು ಮುಟ್ಟಿದರೆ ಹಾಗೆ ತಿಕ್ಕುತ್ತಾರೆ. ಬೂದಿ ಮತ್ತು ನಾರು. ನನ್ನ ಅವ್ವ ಸುಭದ್ರಾಬಾಯಿ ಹುಡುಗಿಯಾಗಿದ್ದಾಗ ಜಾರಿ ಬೀಳುತ್ತಿದ್ದ ಒಂದು ಕೊಡ ಹಿಡಿದು ಉಳಿಸಿದ್ದಳಂತೆ. ಉಳಿದ ಕೊಡವನ್ನು ಅವಳ ಕಣ್ಣೆದುರೇ ಮಧ್ಯಾಹ್ನದವರೆಗೆ ತಿಕ್ಕಿದರಂತೆ. ಭಾಗೀರಥಿಬಾಯಿ ತಮ್ಮನನ್ನೂ ಹಾಗೇ ತಿಕ್ಕಿದ್ದಾರೆ. ಕೊಡ ತಿಕ್ಕಿದರೆ ಬೆಳಗುತ್ತದೆ, ಮನುಷ್ಯನ ಹೊಟ್ಟೆ ತಿಕ್ಕಿದರೆ ಸುಲಿಯುತ್ತದೆ ಎಂಬ ಫರಕು ಅವರಿಗೆ ಗೊತ್ತಿರಲಿಲ್ಲ.

ನನಗೆ ಮೊದಲು ನಗು ಬಂತು. ಅಷ್ಟು ದೊಡ್ಡ ಪಾಟೀಲರು ಕೊಡದ ಹಾಗೆ ಬಿದ್ದುಕೊಂಡು ತಿಕ್ಕಿಸಿಕೊಂಡದ್ದು ಕಣ್ಣಿಗೆ ಕಟ್ಟಿತು. ಆಮೇಲೆ ಸಿಟ್ಟು ಬಂತು. ನಗು ಹೋಯಿತು, ಸಿಟ್ಟು ಹೋಗಲಿಲ್ಲ. ಬಸ್ಸಿನಲ್ಲಿ ಬಂತು, ಭಾಲ್ಕಿಯಲ್ಲಿ ಇಳಿಯಿತು, ನನ್ನ ಜೊತೆ ಊಟಕ್ಕೆ ಕೂತಿತು. ಹೆಂಡತಿ ಮನಿಷಾ ರೊಟ್ಟಿ ಹಾಕುತ್ತಾ ಏನಾಯಿತು ಎಂದು ಕೇಳಿದಳು. ಹೇಳಿದೆ.

"ಆ ಮುದುಕಿ ಬೂದಿ ಹಚ್ಚಿದ್ದಕ್ಕ ನನಗ ಸಿಟ್ಟಿಲ್ಲ," ಎಂದಳು. "ಆಕಿ ಹಂಗೇ ಬೆಳದಾಕಿ. ಆ ಪಾಟೀಲ ಕಣ್ಣು ಮುಚ್ಯಾನಲ್ಲ, ಅವಗ ಕೇಳು ನೀ."

ಮರುದಿನ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಡಾಕ್ಟರ್ ರವಿಕಿರಣ ಕೆಟ್ಟವರಲ್ಲ. ಕಷ್ಟ ಇರುವುದೇ ಅಲ್ಲಿ. ಕೆಟ್ಟವರ ಜೊತೆಯಾದರೆ ಜಗಳ ಸಲೀಸು.

"ಇರಬಹುದೊ ಸುಶೀಲ," ಎಂದರು. "ಆದ್ರ ಆಟೋದವನ ಮಾತು ಹಿಡದು ನಾ ಪಾಟೀಲ್ರಿಗಿ ಹ್ಯಾಂಗ ಕೇಳ್ಲಿ? ಪೇಷಂಟೇ ಬಾಯಿ ಬಿಡವಲ್ಲ. ಗುತ್ತೇದಾರ್ರಿಗಿ ಹೇಳಿ ಆಗ್ಯಾದ. ನೋಡೂಣು."

ನೋಡೂಣು ಎಂದರೆ ನೋಡುವುದಿಲ್ಲ ಎಂದು ಅರ್ಥ. ಅಷ್ಟು ಕನ್ನಡ ನನಗೂ ಬರುತ್ತದೆ.

ಗೆರೆಗಳು ಮಾಯ್ದವು. ಆ ದಿನಗಳಲ್ಲಿ ನಾನು ಆ ಪರದೆಯ ಮುಂದೆ ಎಷ್ಟೋ ಸಲ ಹಾದುಹೋದೆ. ಒಂದು ಸಲ ಪಾಟೀಲರು ತಮ್ಮಾ ಎಂದು ಕರೆದಂತಾಯಿತು. ತಿರುಗಿ ನೋಡಿದರೆ ತಲೆಯ ತನಕ ಜಮಖಾನೆ ಎಳೆದುಕೊಂಡಿದ್ದರು. ಅಷ್ಟರಲ್ಲಿ, ಒತ್ತಿದರೆ ಒಳಗೆ ಹೋಗುತ್ತಿದ್ದ ಆ ಬದನೆಕಾಯಿಯಂಥ ಗಂಟು ಒಳಗೆ ಹೋಗುವುದನ್ನು ಬಿಟ್ಟಿತ್ತು. ನೋವು ಶುರುವಾಗಿತ್ತು. ಇನ್ನು ತಡ ಮಾಡಿದರೆ ಕರುಳು ಸಿಕ್ಕಿಕೊಳ್ಳುತ್ತದೆ, ಇವತ್ತೇ ಮಾಡುತ್ತೇನೆ ಎಂದರು ಡಾಕ್ಟರು.

ನಾನು ಮಷೀನ್ ತೆಗೆದುಕೊಳ್ಳಲು ಹೋದರೆ ಅದು ಕಪಾಟಿನಲ್ಲಿ ಇರಲಿಲ್ಲ. ವಾರ್ಡಿಗೆ ಬಂದೆ. ಮಷೀನ್ ನರಸಿಂಗನ ಕೈಯಲ್ಲಿತ್ತು. ಅದನ್ನು ಅವನು ಚೇಳು ಹಿಡಿದ ಹಾಗೆ ಹಿಡಿದಿದ್ದ. ಪಾಪ, ಅವನು ಕುರಿ ಸಾಕಿದ ಮನೆತನದವನು. ಕುರಿಯ ಉಣ್ಣೆ ಕತ್ತರಿಸಿ ಗೊತ್ತೇ ಹೊರತು ಪಾಟೀಲರ ಉಣ್ಣೆ ಗೊತ್ತಿರಲಿಲ್ಲ. ನನ್ನನ್ನು ಕಂಡು ನೆಲ ನೋಡಿದ.

ಡಾಕ್ಟರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಸುಶೀಲ, ಇವತ್ತ ನರಸಿಂಗ ಮಾಡ್ಲಿ. ನೀ ಆ ಕಡಿ ವಾರ್ಡ್ ನೋಡು. ಮನಿಯವರ ಸೆಂಟಿಮೆಂಟ್ ಇರ್ತದ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಹಾವು ಯಾರು, ಕೋಲು ಯಾರು ಎಂದು ಕೇಳಬೇಕೆನಿಸಿತು. ಅಲ್ಲಿದ್ದ ಸ್ಟೂಲ್ ಎಳೆದು ಪರದೆಯ ಹೊರಗೆ, ಪಾಟೀಲರ ಮಂಚದ ಕಾಲ ಬಳಿ ಕೂತೆ.

"ನಾ ಹೋಗೂದಿಲ್ರಿ ಸರ್."

"ಏನು?"

"ಹೋಗೂದಿಲ್ರಿ. ಬ್ಲೇಡ್ ಹಚ್ಚಾಂವ ಅಂತ ಹೆಸರು ಕೊಟ್ಟೀರಿ. ಆ ಹೆಸರು ಹೊತ್ಕೊಂಡು ನಾ ಭಾಲ್ಕಿಗಿ ಹೋಗೂದಿಲ್ಲ. ತಗೀಬೇಕಂದ್ರ ತಗೀರಿ. ಖರೇ ಕಾರಣ ಹೇಳಿ ತಗೀರಿ. ಇವನ ಕೈ ಕೆಟ್ಟದು ಅನಬ್ಯಾಡ್ರಿ. ಇಂವ ಹೊಲೇರಾಂವ, ಇವನ ಕೈ ನಮಗ ಬ್ಯಾಡ ಅನ್ರಿ. ಇಲ್ಲಿ ಎಲ್ಲಾರ ಮುಂದ ಅನ್ರಿ. ನಾ ಈಗಿಂದೀಗ ಎದ್ದು ಹೋಗ್ತೇನಿ."

ಚಹಾ ಕುಡಿಯುತ್ತಿದ್ದವರು ಕಪ್ಪು ಕೆಳಗಿಟ್ಟರು. ಮಾಯಾ ಸಿಸ್ಟರ್ ಬಾಗಿಲಲ್ಲಿ ನಿಂತರು. ಡಾಕ್ಟರ ಮುಖ ಕೆಂಪಾಯಿತು. ಅವರ ಬಾಯಿಂದ ಆ ಮಾತು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಮಾಡಬಹುದು, ಆಡಬಾರದು ಎಂದು ಅವರಿಗೆ ಸಾಲೆಯಲ್ಲಿ ಕಲಿಸಿದ್ದಾರೆ.

ಪರದೆ ಸರಿಸಿ ಭಾಗೀರಥಿಬಾಯಿ ಬಂದರು. "ನಿನಗ ನಾವೇನ್ ಹೊಡದೀವೇನಪ್ಪ? ಬೈದೀವೇನು? ನಮ್ಮ ಮಡಿ ನಮಗ."

"ನಿಮ್ಮ ಮಡಿ ನಿಮಗೇ ಇರ್ಲಿರಿ ಅವ್ವಾರ. ನಿಮ್ಮ ಮಡಿ ಎಳದ ಗೆರಿ ನನ್ನ ಹೆಸರಿಗಿ ಯಾಕ ಹಚ್ಚಿದ್ರಿ?"

"ಯಾವ ಗೆರಿ? ನನಗೇನ್ ಗೊತ್ತು," ಎಂದರು. ಮುದುಕಿಯ ಕೈ ತಾನಾಗಿಯೇ ಚೀಲದ ಬಾಯಿ ಮುಚ್ಚಿತು. ಬದ್ರೋದ್ದೀನ ಸುಮ್ಮನೆ ಕೆಮ್ಮಿದ.

ಡಾಕ್ಟರು ಗಡಿಯಾರ ನೋಡಿದರು. ಅವರಿಗೆ ಕರುಳಿನ ಚಿಂತೆ. "ನರಸಿಂಗ, ಶುರು ಮಾಡು. ಇದನ್ನ ಆಮ್ಯಾಲ ನೋಡೂಣು," ಎಂದರು.

ನರಸಿಂಗ ಪರದೆಯೊಳಗೆ ಹೋದ. ಮಷೀನಿನ ಗುಂಡಿ ಒತ್ತಿದ. ಅದು ಜುಂಯ್ ಎಂದಿತು. ಅವನ ಕೈ ಮೊದಲೇ ನಡುಗುತ್ತಿತ್ತು, ಈಗ ಮಷೀನೂ ನಡುಗತೊಡಗಿತು. ಎರಡೂ ನಡುಕ ಸೇರಿ ಪಾಟೀಲರ ಖಾನದಾನದ ಕಡೆ ಹೊರಟವು.

"ಏ ತಡಿ, ತಡಿ, ತಡಿ," ಪಾಟೀಲರ ದನಿ ಬಂತು. "ಬಂದ್ ಮಾಡೊ ಅದನ್ನ. ಡಾಕ್ಟರ್ ಸಾಹೇಬ್ರ, ಇವನ ಕೈ ನೋಡ್ರಿ. ನಾ ಇಲ್ಲಿಂದ ಗಂಡಸಾಗಿ ಹೋಗಬೇಕ್ರಿ."

ಯಾರೋ ನಕ್ಕರು. ನರಸಿಂಗ ಪರದೆಯಿಂದ ಹೊರಗೆ ಬಂದು ಮಷೀನನ್ನು ನನ್ನ ತೊಡೆಯ ಮೇಲಿಟ್ಟ. "ನನಗ ಆಗೂದಿಲ್ಲೊ ಸುಶೀಲ," ಎಂದು ಹೇಳಿ ಗೋಡೆಗೆ ಒರಗಿ ನಿಂತ. ನಾನು ಮಷೀನ್ ಮುಟ್ಟಲಿಲ್ಲ. ಅದು ತೊಡೆಯ ಮೇಲೆ ಹಾಗೇ ಇತ್ತು.

"ಸುಶೀಲನ್ನ ಕರೀರಿ," ಎಂದರು ಪಾಟೀಲರು.

"ಇಲ್ಲೇ ಅದೀನ್ರಿ ಪಾಟೀಲ್ರ. ನಿಮ್ಮ ಕಾಲ ಕಡಿ."

"ಬಾರೊ ತಮ್ಮಾ. ನೀನೇ ಮಾಡು. ನೋವು ಭಾಳ ಅದ."

"ಬ್ಲೇಡ್ ಹಚ್ಚೋ ಕೈರಿ ಇದು. ಹ್ಯಾಂಗ ಮಾಡ್ಲಿ?"

ಭಾಗೀರಥಿಬಾಯಿ, "ಸುಮ್ನಿರು ವೈಜು," ಎಂದರು. ಊರಿಗೆಲ್ಲ ಪಾಟೀಲರಾದವರು ಅಕ್ಕನಿಗೆ ವೈಜು. ವೈಜು ಅರವತ್ತು ವರ್ಷ ಸುಮ್ಮನಿದ್ದು ರೂಢಿಯಾದವರು. ಆದರೆ ಅವತ್ತು ಒಂದು ಕಡೆ ಅಕ್ಕ ಇದ್ದರು, ಇನ್ನೊಂದು ಕಡೆ ನರಸಿಂಗನ ಕೈ ಇತ್ತು.

"ಬ್ಲೇಡ್ ಹಚ್ಚಿಲ್ಲ," ಎಂದರು ಪಾಟೀಲರು, ಸಣ್ಣ ದನಿಯಲ್ಲಿ.

"ಕೇಳಲಿಲ್ರಿ. ವಾರ್ಡ್ ದೊಡ್ಡದದ."

"ಬ್ಲೇಡ್ ಹಚ್ಚಿಲ್ಲೊ ಮಾರಾಯ. ಛಲೋತ್ನಾಗೇ ತೊಳದಿದ್ದ. ಅಕ್ಕ ಬೂದಿ ಹಚ್ಚಿ ತಿಕ್ಕ್ಯಾಳ. ನಾ ಸುಮ್ನಿದ್ದೆ. ಸಾಕಾ?"

"ನನಗ ಸಾಕ್ರಿ," ಎಂದೆ. ಡಾಕ್ಟರ ಕಡೆ ತಿರುಗಿದೆ. "ಅವತ್ತ ಎಲ್ಲಾರ ಮುಂದ ಫೋನ್ ಮಾಡಿದ್ರಲ್ರಿ ಸರ್."

ಡಾಕ್ಟರ್ ರವಿಕಿರಣ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಜೇಬಿನಿಂದ ಫೋನ್ ತೆಗೆದರು. ಗುತ್ತೇದಾರರಿಗೆ ಹೇಳಿದರು, ಸುಶೀಲಕುಮಾರ ಬ್ಲೇಡ್ ಹಚ್ಚಿರಲಿಲ್ಲ, ತಪ್ಪು ನನ್ನದು, ಅವನೇ ಇರುತ್ತಾನೆ ಎಂದು. ಪೂರ್ತಿ ಹೆಸರು ಅವರಿಗೆ ಗೊತ್ತಿತ್ತು ಎಂದು ಅವತ್ತೇ ನನಗೆ ತಿಳಿಯಿತು. ಫೋನ್ ಇಟ್ಟು, "ಈಗರೇ ಏಳ್ತೀಯಾ?" ಎಂದರು. ಎದ್ದೆ.

ಮತ್ತೆ ಮಷೀನ್, ಮತ್ತೆ ನ್ಹಾಣಿ, ಮತ್ತೆ ಸ್ಟೂಲ್, ಮತ್ತೆ ಕೆಂಪು ಸೋಪು. ನೋವಿನಿಂದ ಪಾಟೀಲರು ಬಗ್ಗಿ ಕೂತಿದ್ದರು. ಹೊಸ ಚರ್ಮ ಎಳೆಯದಾಗಿತ್ತು, ಬೆರಳು ಜೋರು ಮಾಡಿದರೆ ಮತ್ತೆ ಕಿತ್ತು ಬರುವ ಹಾಗಿತ್ತು. ಜೋರು ಮಾಡಬೇಕೆಂದು ನನ್ನ ಬೆರಳಿಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ. ಮಾಡಲಿಲ್ಲ. ಹತ್ತಿಯಿಂದ ಹೊಕ್ಕುಳು ತೆಗೆದೆ. ಒಳಗೆ ಇನ್ನೂ ಬೂದಿಯ ಕಣಗಳಿದ್ದವು. ಒಂದೊಂದನ್ನೇ ಬಿಡಿಸಿದೆ.

"ಬ್ಯಾಸರ ಮಾಡ್ಕೋಬ್ಯಾಡೊ ತಮ್ಮಾ," ಎಂದರು ಪಾಟೀಲರು.

"ಬ್ಯಾಸರ ಇಲ್ರಿ. ಸಿಟ್ಟದ. ಕಾಲು ಮುಂದ ಮಾಡ್ರಿ."

ಕಾಲು ಮುಂದೆ ಮಾಡಿದರು. ಆ ಹೊತ್ತಿಗೆ ಇಬ್ಬರಿಗೂ ಚೇಷ್ಟೆ ಬರಲಿಲ್ಲ.

ಹಸಿರು ಅಂಗಿ ತೊಡಿಸಿ ಸ್ಟ್ರೆಚರ್ ಮೇಲೆ ಮಲಗಿಸಿದೆ. ಈ ಸಲ ಮಂಚಕ್ಕೆ ಒಯ್ಯಲಿಲ್ಲ, ಸೀದಾ ಥಿಯೇಟರ್ ಕಡೆ ಹೊರಟೆವು. ತಲೆಯ ಕಡೆ ನರಸಿಂಗ ತಳ್ಳುತ್ತಿದ್ದ, ಪಕ್ಕದಲ್ಲಿ ನಾನು. ವರಾಂಡದ ಕೊನೆಯಲ್ಲಿ ಭಾಗೀರಥಿಬಾಯಿ ನಿಂತಿದ್ದರು. ಒಬ್ಬರೇ ಇದ್ದರು. ಚೀಲ ಇರಲಿಲ್ಲ, ತಂಬಿಗೆ ಇರಲಿಲ್ಲ. ಮುಖ ಇಳಿದಿತ್ತು. ಸ್ಟ್ರೆಚರ್ ಹತ್ತಿರ ಬಂದಾಗ ತಮ್ಮನ ಹೊಟ್ಟೆಯ ಮೇಲೆ ಒಂದು ಸಲ ಕೈ ಆಡಿಸಲು ಮುಂದೆ ಬಂದರು. ಅದು ಮಡಿಯ ಕೈಯಲ್ಲ, ಹೆದರಿದ ಅಕ್ಕನ ಕೈ. ನನಗೂ ಗೊತ್ತಾಯಿತು.

"ಮುಟ್ಟಬ್ಯಾಡ್ರಿ ಅವ್ವಾರ," ಎಂದೆ. "ದೂರ ನಿಂದರ್ರಿ."

ಇದು ತಯಾರಿಯ ನಿಯಮ. ದಿನಾ ಎಲ್ಲರಿಗೂ ಹೇಳುತ್ತೇನೆ. ಆದರೆ ಆ ಮಾತು ನನ್ನ ಕಿವಿಗೇ ಬಡಿಯಿತು. ನಮ್ಮ ಅಜ್ಜ ಕೇಳಿಸಿಕೊಂಡ ಮಾತು, ಅಪ್ಪ ಕೇಳಿಸಿಕೊಂಡ ಮಾತು. ನರಸಿಂಗನೂ ತಳ್ಳುವುದು ನಿಲ್ಲಿಸಿ ನನ್ನ ಮುಖ ನೋಡಿದ.

ಭಾಗೀರಥಿಬಾಯಿ ಒಂದು ಹೆಜ್ಜೆ ಹಿಂದೆ ಹೋದರು. ಚಾಚಿದ ಕೈ ಹಾಗೇ ಇತ್ತು. ಮತ್ತೆ ಅರ್ಧ ಹೆಜ್ಜೆ ಮುಂದೆ ಬಂದರು. ಸೆರಗು ಸ್ಟ್ರೆಚರಿನ ಸರಳಿಗೆ ತಾಗಿತು. ಬೆದರಿ ಎಳೆದುಕೊಂಡರು. ಎಲ್ಲಿ ನಿಲ್ಲಬೇಕು, ಕೈ ಎಲ್ಲಿಡಬೇಕು, ಕಣ್ಣು ಎತ್ತ ಹಾಕಬೇಕು, ಅವರಿಗೆ ಒಂದೂ ಗೊತ್ತಿರಲಿಲ್ಲ. ಎಪ್ಪತ್ತು ವರ್ಷದ ಬಾಳಿನಲ್ಲಿ ಅವರನ್ನು ಯಾರೂ ದೂರ ನಿಲ್ಲಿಸಿರಲಿಲ್ಲ.

"ದೂರ ಅಂದ್ರ ಎಷ್ಟ ದೂರಪ್ಪ?" ಎಂದು ಕೇಳಿದರು. ಕೊಂಕು ಇರಲಿಲ್ಲ. ಖರೇನೇ ಗೊತ್ತಿಲ್ಲದೆ ಕೇಳಿದರು.

ನಾನು ಹತ್ತಿರ ಹೋಗಿ ಹೇಳಿಕೊಟ್ಟೆ. ಗೋಡಿಗಿ ಅಂಟಿ ನಿಂದರ್ರಿ. ಸೆರಗು ಒಳಗ ತಗೋರಿ. ಕೈ ಹಿಂದ ಕಟ್ಟಿಕೋರಿ. ಪಾಟೀಲ್ರು ದಾಟಿ ಹೋಗೋ ತನಕ ಉಸಿರು ಸಣ್ಣಗ ತಗೋರಿ. ಸಣ್ಣವನಿದ್ದಾಗ, ಊರ ದೊಡ್ಡವರು ಎದುರು ಬಂದರೆ ಹೇಗೆ ನಿಲ್ಲಬೇಕೆಂದು ನನ್ನ ಅವ್ವ ನನಗೆ ಹೇಳಿಕೊಟ್ಟಿದ್ದಳು, ಹಾಗೇ, ಒಂದೂ ಬಿಡದೆ.